ಬಸ್ತಾ ಬಿಚ್ಚೋ ತನಕ

ಏಳು ಸೆಕೆಂಡು.
ಮೂರು ಲಕ್ಷ ಫೈಲು ಬಂದು ಕೂತವು
ಸ್ಟೇಷನ್ ಬಜಾರಿನ ಈ ಮಾಳಿಗಿ ಮ್ಯಾಲಿನ ಖೋಲ್ಯಾಗ,
ನೀರು ತೀರಿದ ಕೂಲರಿನ ಬಾಜೂಕ.

ಜಗದೇವಿ ನಂಬಲಿಲ್ಲ.
ಇದೇ ರೆಪೋ ನಿನ್ನೆ ಇಳಸಲಾಕ ಹಚ್ಚಿ
ರಾತ್ರಿಯಿಡೀ ಕಾದಾಳ. ನೂರಕ್ಕ ಹದಿನಾಲ್ಕು ಆದಾಗ
ಕರೆಂಟ್ ಹೋಗಿ, ಮುಂಜಾನೆ ಮತ್ತ ಸೊನ್ನಿಯಿಂದ.
"ಅಷ್ಟೂ ಇಳೀತೇನ?" ಅಂದಳು.
ಇಲ್ಲ, ಒಂದೂ ಇಳಿದಿಲ್ಲ.
ಹೆಸರು ಬಂದಾವ, ಅಳತಿ ಬಂದಾವ,
ಯಾವ ಕಪಾಟಿನಾಗ ಯಾವ ಖಾನೆ ಅನ್ನೋದು ಬಂದದ.
ಒಳಗಿನ ಅಕ್ಷರ ದೂರದ ಯಾವುದೋ ಯಂತ್ರದಾಗ
ಕರೆಯೋ ತನಕ ಮಲಗ್ಯಾವ.

"ಹಂಗಾದ್ರ ಇದು ಸುಳ್ಳು."

ನನಗ ದಸ್ತಗೀರ್ ಸಾಹೇಬರು ನೆನಪಾದರು.

ಎಂಟು ವರ್ಷದ ಹಿಂದ, ಗುತ್ತಿಗಿ ಮ್ಯಾಲ,
ತಾಲೂಕಾ ಕಚೇರಿಯ ರಿಕಾರ್ಡ್ ರೂಮಿನಾಗ
ಸ್ಕ್ಯಾನ್ ಮಾಡೋಕಿ ನಾನು, ತಗದು ಕೊಡೋರು ಅವರು.
ಗ್ವಾಡಿ ತುಂಬ ಬಸ್ತಾ. ಕೆಂಪು ಅರಿವಿ ಮಾಸಿ ಕಂದಾಗಿ,
ಒಳಗ ಉರ್ದು, ಮೋಡಿ, ಯಾರದೋ ಹೆಬ್ಬೆಟ್ಟು.
ಅವರ ಕೈಯಾಗ ಒಂದೇ ಒಂದು ಫೇರಿಸ್ತಿನ ವಹಿ.

ಮಂದಿ ಕಿಡಕಿಗೆ ಮಾರಿ ಹಚ್ಚಿ ಕೇಳೋರು:
ಫರಹತಾಬಾದ, ಸರ್ವೆ ನೂರಾ ಹನ್ನೊಂದು, ಅದ ಏನ್ರಿ?
ಸಾಹೇಬರು ಏಳತಿರಲಿಲ್ಲ.
ವಹಿ ಮ್ಯಾಲ ಬೆರಳಾಡಿಸಿ "ಅದ" ಅನ್ನೋರು.
ಆ ಒಂದು "ಅದ" ಕೇಳೇ ಅರ್ಧ ಮಂದಿ ಹಗುರಾಗಿ
ಚಾ ಕುಡೀಲಾಕ ಹೋಗೋರು.
ಉಳಿದವರಿಗಷ್ಟ ನಿಚ್ಚಣಿಕಿ.

ಇಳಿಸಿದ ಬಸ್ತಾ ಮತ್ತ ಮ್ಯಾಲ ಏರಿಸತಿರಲಿಲ್ಲ,
ಮೇಜಿನ ಮ್ಯಾಲೇ ಬಿಡೋರು.
"ಇವತ್ತ ಕೇಳಿದವ ನಾಳೆ ಮತ್ತ ಬರತಾನ, ಬೇಟಿ."
ಖರೇ ಅಂದ್ರ ಮೊಣಕಾಲು ನೋವು.
ಎರಡೂ ಖರೇ.

ಒಮ್ಮೆ ತಪಾಸಣಿಗೆ ಒಬ್ಬ ಬಂದ, ಇಸ್ತ್ರಿ ಅಂಗಿ.
ಒಂದು ಹೆಸರು ಹೇಳಿ, "ಎಲ್ಲಾ ಕಡಿ ಹುಡುಕ್ರಿ" ಅಂದ.
ಎಲ್ಲಾ ಕಡಿ.
ಅವತ್ತ ಬಿಚ್ಚಿದ ಗಂಟು ಹದಿನೈದು ದಿನ ಕಟ್ಟಿದೆವು,
ಕೆಮ್ಮು ಒಂದು ತಿಂಗಳು ನಿಂತಿತು.

ಇಷ್ಟು ಗೊತ್ತಿದ್ದೂ, ನೋಡ್ರಿ,
ಜಗದೇವಿಗೆ ಸುಳ್ಳಲ್ಲ ಅಂತ ತೋರಸಲಾಕ ಹೋಗಿ
ಪೂರಾ ಫೋಲ್ಡರಿನಾಗ ಒಂದು ಶಬ್ದ ಹುಡುಕು ಅಂತ ಬರದು ಒತ್ತಿದೆ.
ಮೂರು ಲಕ್ಷ ಫೈಲು ಒಮ್ಮೆಲೇ ಕಣ್ಣು ಬಿಟ್ಟವು,
ಲ್ಯಾಪ್‌ಟಾಪ್ ಗಿರಣಿಯಂಗ ಒದರಿತು,
ನಿಲ್ಲಿಸೋದ್ರಾಗ ಆಕಿಯ ಮೊಬೈಲಿನ ಡೇಟಾ
ಸಂಜಿ ತನಕದ್ದು ಮುಗದೇ ಹೋಯಿತು.
ಬೈದಳು. ಬೈಬೇಕಾದದ್ದೇ.

ನನ್ನ ಸಿಮ್ ಹಾಕಿದೆವು.
ನಮಗ ಬೇಕಾಗಿದ್ದು ಹನ್ನೊಂದೇ ಫೈಲು.
ಮೊದಲ ಸಲ ಮುಟ್ಟಿದಾಗ ಒಂದು ಉಸಿರಿನಷ್ಟು ತಡ,
ಯಾರೋ ನಿಚ್ಚಣಿಕಿ ಏರಿ ಇಳಿದಂಗ.
ಎರಡನೇ ಸಲ ತಡ ಇಲ್ಲ, ಮೇಜಿನ ಮ್ಯಾಲೇ ಇತ್ತು.

ಇನ್ನೊಂದು ಹೇಳೋದದ.
ಸಾವಳಗಿಯ ಒಬ್ಬಾಕಿ ಬಂದಿದ್ದಳು, ತಲಿ ಮ್ಯಾಲ ಹಸಿ ಟವೆಲ್.
ಸಾಹೇಬರು ವಹಿ ನೋಡಿದರು, "ಅದ" ಅಂದರು, ಏರಿದರು,
ಗಂಟು ಬಿಚ್ಚಿದರು.
ಅರಿವಿಯೊಳಗ ಗೆದ್ದಲಿನ ಮಣ್ಣು.
ಕಾಗದದ ಆಕಾರ ಹಂಗೇ ಇತ್ತು, ಊದಿದರ ಹೋಯಿತು.

ಅವರು ವಹಿಯಾಗಿನ ಹೆಸರು ಹೊಡೀಲಿಲ್ಲ.
ಆದರ ಅವತ್ತಿನಿಂದ ಕಿಡಕಿಗೆ ಯಾರೇ ಬರಲಿ,
"ಅದ" ಅನ್ನೋದು ಬಿಟ್ಟರು.

ಮೂರು ಗಂಟೆಗೆ ಕರೆಂಟ್ ಹೋಯಿತು, ಟವರೂ ಹೋಯಿತು.
ಮುಟ್ಟಿದ ಹನ್ನೊಂದು ತೆರೀತಾವ, ಮುಚ್ಚತಾವ.
ಉಳಿದವು ಪರದೆ ಮ್ಯಾಲ ಸಾಲು ಹಿಡದು ಹಂಗೇ ನಿಂತಾವ,
ತಮ್ಮ ತಮ್ಮ ಅಳತಿ ಸಮೇತ.
ಜಗದೇವಿ ಒಂದರ ಮ್ಯಾಲ ಬೆರಳಿಟ್ಟಳು.
ಚಕ್ರ ತಿರಗತಾ ಅದ, ತಿರಗತಾ ಅದ.
"ಇದು ಅದ ಏನು?"

"ಹೆಸರು ಅದ," ಅಂದೆ.