ಮೊದಲ ಸಾಲು

ಡುಲುತ್, ಜನವರಿ. ಕಿಟಕಿಯಾಚೆ ಹೆಪ್ಪುಗಟ್ಟಿದ ಸರೋವರ.
ವರ್ನಾ ಹಾಗನ್‌ಳ ಮೇಜಿನ ಮೇಲೆ
ಹಸಿರಕ್ಷರದ ಹಳೇ ಪರದೆ.

ನಿಯಮ ಇದ್ದಾಗ
ಯಾರ ವಿಮಾನವಾದರೂ ಸರಿ, ಹೊತ್ತಿಗೆ ತಕ್ಕ ಸಾಲು.
ಈಗ ಮೊದಲ ಸಾಲಿಗೂ ಬೆಲೆ,
ಸಂತೆಯ ಬಾಗಿಲ ಬಳಿಯ ಜಾಗದ ಹಾಗೆ.
ಕೊಟ್ಟವನು ಮೇಲೆ. ಕೊಡದವನು
ನಾಲ್ಕನೇ ಪುಟದ ತಳದಲ್ಲಿ ಮುದುಡಿ ಕೂತಿರುತ್ತಾನೆ.

ಕಮಿಷನ್ ನಿಂತು ವರ್ಷಗಳಾದವು.
ಗೋಡೆಯ ಹವಾಯಿ ಬಿಸಿಲಿಗೆ ಮಾಸಿದೆ,
ಇಲ್ಲಿ ಬಿಸಿಲೇ ಅಪರೂಪ, ಆದರೂ.

ಆರ್ವಿಲ್ ಟೆಸ್ಕ್ ಬಂದ, ಟೋಪಿಯ ಹಿಮ ಕೊಡವುತ್ತ:
"ತಂಗಿಗೆ ಹುಷಾರಿಲ್ಲ. ಬಿಲ್ಲಿಂಗ್ಸ್‌ಗೆ. ಅಗ್ಗದ್ದು."

ಮೇಲಿನದನ್ನು ಒತ್ತಿದರೆ ಅವಳಿಗೂ ಮೂರು ಡಾಲರ್.
ಬೆರಳು ಮಾತ್ರ
ಕೆಳಗೆ, ಇನ್ನೂ ಕೆಳಗೆ,
ಅಭ್ಯಾಸ ಅನ್ನಿ, ಹಟ ಅನ್ನಿ,
ಒಂದು ಪುಟ್ಟ ವಿಮಾನ. ಹತ್ತೊಂಬತ್ತು ಸೀಟು. ನಸುಕಿಗೆ ಹೊರಡುತ್ತದೆ.

"ಒಳಗೆ ಚಳಿ ಜಾಸ್ತಿ," ಅಂದಳು,
"ಕಂಬಳಿ ಒಯ್ಯಿ."