ವಾಸನೆಯಿಲ್ಲದ್ದು

ಮೊದಲು ಮೂಗು, ಆಮೇಲೆ ಕೈ, ಕಡೆಗೆ ಯಂತ್ರ
ಎನ್ನುತ್ತಿದ್ದಳು ದುಲ್ಮಾ, ನನಗೆ ಈ ಕೆಲಸ ಕಲಿಸಿದವಳು.
ಸಕ್ಕರೆ ಮಿತಿಮೀರಿದವನ ಉಸಿರು ಕೊಳೆತ ಸೇಬು;
ಕರುಳೊಳಗೆ ರಕ್ತ ಒಸರಿದವನ ಕೋಣೆ
ಒಮ್ಮೆ ಮೂಸಿದರೆ ಸಾಕು, ಸಾಯುವ ತನಕ ಮರೆಯದು.
ಮೂವತ್ತು ಚಳಿಗಾಲ ಉಲಾನ್‌ಬಾತರ್ ಸುತ್ತಿದ ಮೂಗು ಅದು,
ತುದಿಯಲ್ಲಿ ಹಿಮ ಕಡಿದ ಕಪ್ಪು ಕಲೆ.

ಬಸ್ ನಿಲ್ದಾಣದ ಬೆಂಚಿನ ಕೆಳಗೆ ಬಿದ್ದಿದ್ದ ಒಬ್ಬ.
"ಕುಡುಕ, ಪೊಲೀಸರನ್ನು ಕರೆಯಿರಿ" ಎಂದರು ಸುತ್ತಲಿನವರು.
ವೋಡ್ಕಾ ನಾರುತ್ತಿದ್ದದ್ದೂ ನಿಜ.
ಹೌದೆನ್ನುವವಳಿದ್ದೆ ನಾನೂ. ಯಾಕೋ ಟೊಪ್ಪಿ ತೆಗೆದೆ,
ಕೂದಲು ತೊಪ್ಪೆ.
ಸೊನ್ನೆಗೂ ಇಪ್ಪತ್ತೆಂಟು ಕೆಳಗಿನ ಬೆಳಗಿನಲ್ಲಿ
ಹೀಗೆ ಬೆವರಲು ಕುಡಿತವೊಂದೇ ಸಾಲದು.
ಕಂಕುಳಲ್ಲಿ ಬೆಚ್ಚಗಿಟ್ಟಿದ್ದ ಮೀಟರು ಹೊರತೆಗೆದೆ,
ಚಳಿಯಲ್ಲಿ ಅದೂ ಮುಷ್ಕರ ಹೂಡುತ್ತದೆ.
ಬೆರಳು ಚುಚ್ಚಿದೆ:
ನಾಲ್ಕಾದರೂ ಇರಬೇಕಾದಲ್ಲಿ ಒಂದೂವರೆ.
ದಪ್ಪ ನರ ಹುಡುಕಿ ಗ್ಲೂಕೋಸ್, ನಿಧಾನ, ನಿಧಾನ,
ಅವಸರ ಮಾಡಿದರೆ ನರವೇ ಸುಡುತ್ತದೆ.
ಅರ್ಧ ಇಳಿಯುವಷ್ಟರಲ್ಲಿ ಕಣ್ಣುಬಿಟ್ಟ. ಮೊದಲ ಮಾತು:
"ಯಾವನೋ ನನ್ನ ಟೊಪ್ಪಿ ಕದ್ದದ್ದು?"
ಡ್ರೈವರ್ ಗೊಂಬೋ ಮಂಡಿ ತಟ್ಟಿಕೊಂಡು ನಕ್ಕ.

ನಿವೃತ್ತಳಾದ ದುಲ್ಮಾಗೆ ಫೋನಿನಲ್ಲಿ ಹೇಳಿದೆ,
ಇವತ್ತು ಮೂಗು ಮೋಸ ಮಾಡಿತು ಎಂದು.
"ನೀನು ಮೂಸಿದ್ದು ಅವನ ಕೋಟನ್ನು" ಎಂದು ಇಟ್ಟುಬಿಟ್ಟಳು.

ಅದೇ ವಾರ ಬಿಳಿತಿಂಗಳ ಹಬ್ಬ. ನಡುರಾತ್ರಿ ಮೂರಕ್ಕೆ
ಚಿಂಗೆಲ್ತೇಯ್ ಗುಡ್ಡದಿಂದ ಕರೆ:
ಎಲ್ಲರಿಗೂ ತಲೆನೋವು, ವಾಂತಿ,
ಮಾಂಸದ ಕಡುಬು ಹಳಸಿರಬೇಕು.
ಹಿಮದ ಏರಿನಲ್ಲಿ ಗಾಡಿ ಎರಡು ಸಲ ಹಿಂದಕ್ಕೆ ಜಾರಿತು.
ಉಣ್ಣೆಗುಡಾರದ ಬಾಗಿಲು ತಳ್ಳಿದರೆ ತಾಯಿಯ ಮಡಿಲಿನ ಹಾಗೆ ಬಿಸಿ.
ಮೂಸಿದೆ. ಕುರಿಕೊಬ್ಬು, ಹಾಲಿನ ಚಹಾ, ಹೊಸ ಸಾಬೂನು.
ಬೇರೇನೂ ಇಲ್ಲ.
ಗಂಡನ ನಾಲಿಗೆ ತೊದಲುತ್ತಿತ್ತು;
ಯಾಂಜಿಂದುಲಮ್ ಎಂಬ ಅವನ ಹೆಂಡತಿ
ಬಕೆಟ್ಟಿನ ಮೇಲೆ ಹಣೆಯಿಟ್ಟು ಕೂತಿದ್ದಳು;
ಅವಳ ತೊಡೆಯ ಮೇಲೆ ಕೂಸು, ಒಗೆದು ಹಿಂಡದ ಬಟ್ಟೆ.

ಆರು ತಿಂಗಳ ಕೂಸು ಕಡುಬು ತಿನ್ನುವುದಿಲ್ಲ.

ಒಲೆಯತ್ತ ನೋಡಿದೆ. ಕೆಂಡ ತಣ್ಣಗೆ, ಸಜ್ಜನನ ಹಾಗೆ ಉರಿಯುತ್ತಿತ್ತು.
"ಗೊಂಬೋ, ಎಲ್ಲರನ್ನೂ ಹೊರಗೆಳಿ!"
ಕೂಸನ್ನು ಕೋಟಿನೊಳಗೆ ತುರುಕಿಕೊಂಡು ಓಡಿದೆ.
ಬೆರಳಿಗೆ ಕಚ್ಚಿಸಿದ ಯಂತ್ರ ತೊಂಬತ್ತೊಂಬತ್ತು ಎಂದಿತು.
ಸುಳ್ಳು. ಕೆಂಡದ ವಿಷವನ್ನೂ ಅದು ಉಸಿರೆಂದೇ ಎಣಿಸುತ್ತದೆ.
ಗಾಡಿಯಲ್ಲಿದ್ದದ್ದು ಒಂದು ಸಿಲಿಂಡರು, ಎರಡು ಮಾಸ್ಕು:
ಒಂದು ಕೂಸಿಗೆ, ಒಂದು ತಾಯಿಗೆ.
"ನಿನಗೆ ಸದ್ಯಕ್ಕೆ ಈ ಗಾಳಿಯೇ ಮದ್ದು" ಎಂದೆ ಗಂಡನಿಗೆ,
"ಬಯ್ಯಿ, ಎಣಿಸು, ಏನಾದರೂ ಮಾಡು, ಮಲಗಬೇಡ."
ಅವನು ಎಣಿಸತೊಡಗಿದ.
ಏಳಕ್ಕೆ ನಿಂತು ಕೇಳಿದ: "ಅಮ್ಮ?"

ಕರೆ ಮಾಡಿದವರು ಹೇಳಿರಲಿಲ್ಲ.
ಉಸಿರು ಕಟ್ಟಿ ಒಳಗೆ ಹೋದೆ. ಒಲೆಯ ಹಿಂದಿನ ಮಂಚದಲ್ಲಿ
ಹಬ್ಬದ ನೀಲಿ ರೇಷ್ಮೆ ನಿಲುವಂಗಿ ಬಿಚ್ಚದೆ ಮಲಗಿದ್ದಳು,
ಕೆನ್ನೆ ಕೆಂಪು ಕೆಂಪು,
ಈ ಊರಲ್ಲಿ ಅಷ್ಟು ಆರೋಗ್ಯದ ಬಣ್ಣ ಯಾರಿಗೂ ಇಲ್ಲ.
ಹಿಮದ ಮೇಲೆ ಮಲಗಿಸಿ ಎದೆ ಒತ್ತಿದೆ.
ಗೊಂಬೋ ಒತ್ತಿದ. ಮತ್ತೆ ನಾನು.
ಎರಡನೆಯ ಗಾಡಿ ಬಂದಾಗಲೂ ಒತ್ತುತ್ತಲೇ ಇದ್ದೆವು.
ಅವಳ ಹೆಸರು ನನಗೆ ಫಾರ್ಮಿನಲ್ಲಿ ಬರೆಯುವಾಗ ಗೊತ್ತಾಯಿತು.

ಆಸ್ಪತ್ರೆಗೆ ಎರಡು ತಿರುವು ಇರುವಾಗ
ಮಾಸ್ಕಿನೊಳಗೆ ಕೂಸು ಅತ್ತಿತು.
ಗೊಂಬೋ ಸೈರನ್ ಆರಿಸಿದ, ಕೇಳಲೆಂದು.

ಬೆಳಿಗ್ಗೆ ನಮ್ಮನೆಯ ಬಾಗಿಲು ಹಾರುಹೊಡೆದೆ.
"ಬಿಸಿಯೆಲ್ಲ ಬೀದಿಪಾಲು" ಎಂದು ಗಂಡ ಗೊಣಗಿದ,
ಆ ಸಿಟ್ಟಿನಲ್ಲೇ ಹಾಲು ಉಕ್ಕಿಸಿದ.
ಸೀದ ಹಾಲು. ಎಷ್ಟು ಚೆನ್ನಾಗಿ ನಾರುತ್ತಿತ್ತು.