ಬೆಲ್ಯ ಕ್ಯೂ, ಚೆರ್ಯ ಎಸ್

ಮೂರೂಮುಕ್ಕಾಲು. ಐದಕ್ಕೆ ನಳ್ಳಿಯಲ್ಲಿ ನೀರು ಬರಬೇಕು.
ಕುಂಬಳೆಯ ಕಚೇರಿಯಲ್ಲಿ ನಾನು, ಒಂದು ಫ್ಯಾನು.
ಶಿರಿಯ ಹೊಳೆಯ ದಂಡೆಯಲ್ಲಿ ಪಂಪ್‌ಹೌಸು.
ನಡುವೆ ಕತ್ತಲೆ, ಕೇಬಲ್ಲು, ತುಲಾ ತಿಂಗಳ ಗುಡುಗು.

ಮೊದಲು ಕೂಗು ಹಾಕಿ ನೋಡು,
ಎಂದು ಬರೆದಿಟ್ಟಿದ್ದಾರೆ ಸೆವ್ರಿನ್ ಬಾಯಿ,
ಮೀಟರ್ ರೀಡಿಂಗಿನ ಹಳೇ ಪುಸ್ತಕದ ಬೆನ್ನಿಗೆ
ನೀಲಿ ಶಾಯಿಯಲ್ಲಿ, ವರ್ಗವಾಗಿ ಹೋಗುವ ಹಿಂದಿನ ದಿನ.
ಪಿಂಗ್ ಅಂದರೆ ಕಡವಿನಲ್ಲಿ ನಿಂತು ಕೂ ಅಂದ ಹಾಗೆ.
ಆಚೆಯಿಂದ ಕೂ ಬಂದರೆ ಅಂಬಿಗ ಇದ್ದಾನೆ.
ದೋಣಿ ಬಿಡುತ್ತಾನೆಂದು ಅರ್ಥವಲ್ಲ.

ಕೂ ಅಂದೆ.
ಹದಿನೆಂಟು ಮಿಲಿಸೆಕೆಂಡಿನಲ್ಲಿ ಕೂ ಬಂತು.

ಹೆಸರು ಹಿಡಿದು ಕರೆದರೆ ಸಿಗದಿದ್ದರೆ ಅಂಕೆ ಹಿಡಿದು ಕರೆ.
ಬಸ್ಸಿನ ಬೋರ್ಡಿನಲ್ಲಿ ಕುಂಬಳ, ನಮ್ಮ ಬಾಯಲ್ಲಿ ಕುಂಬಳೆ,
ಇಳಿಯುವ ಜಾಗ ಒಂದೇ ತಾನೆ.
ಇದೂ ಅವರದೇ ಮಾತು. ಕೆಳಗೆ ಗೆರೆ ಎಳೆದಿದ್ದಾರೆ.

ಎಸ್‌ಎಸ್‌ಎಚ್ ಎಂದು ಒತ್ತಿದೆ.
ಪರದೆಯ ಅಗಲಕ್ಕೂ ಅಟ್ ಚಿಹ್ನೆಗಳ ಬೇಲಿ,
ಬೇಲಿಯೊಳಗೆ ದಪ್ಪಕ್ಷರದ ಬೊಬ್ಬೆ:
ಆಚೆಯವನ ಗುರುತು ಬದಲಾಗಿದೆ!
ಯಾರೋ ನಿನಗೆ ಮೋಸ ಮಾಡುತ್ತಿರಬಹುದು!
ಹದಿನೇಳನೇ ಸಾಲು ನೋಡು!

ಸೋಮವಾರದ ಸಿಡಿಲು ನೆನಪಾಯಿತು.
ಹಳೆಯ ಯಂತ್ರ ಕರಟಿದ್ದು, ಕಾಸರಗೋಡಿನಿಂದ ಹೊಸದು ಬಂದದ್ದು.
ಅದೇ ಹೆಸರು, ಅದೇ ಅಂಕೆ, ಅದೇ ಮೇಜು,
ಹೊಸಬನ ಬೆರಳೊತ್ತು ಬೇರೆ.
ಹಳೆಯ ಸಾಲು ಅಳಿಸಲು ಒಂದೇ ಆಜ್ಞೆ ಸಾಕು;
ಬೆರಳು ಎಂಟರ್ ಮೇಲೆಯೇ ಇತ್ತು.

ಪುಟ ತಿರುವಿದೆ.
ಅಳಿಸಬೇಡ ಮಗಾ, ಮೊದಲು ಕೇಳು.
ತಂತಿಯಲ್ಲಿ ಬಂದದ್ದು ನಿಜವೋ ಎಂದು
ತಂತಿಯನ್ನೇ ಕೇಳಿ ಪ್ರಯೋಜನವಿಲ್ಲ.
ಅಲ್ಲಿ ನಿಂತ ಮನುಷ್ಯನನ್ನು ಕೇಳು.

ಅಲ್ಲಿ ನಿಂತ ಮನುಷ್ಯ ಕಾವಲಿನ ಕುಞಂಬೇಟ್ಟ.
ಎರಡು ವರ್ಷದಿಂದ ದನಿ ಗೊತ್ತು, ಬೀಡಿಯ ಕೆಮ್ಮು ಗೊತ್ತು.
ಯಂತ್ರದ ಬೆನ್ನಿಗೆ ಅಂಟಿಸಿದ ಚೀಟಿ ಇದೆಯಾ?
ಉಂಡು, ಅಂದರು.
ತುಳುವಿನಲ್ಲೋ ಮಲಯಾಳದಲ್ಲೋ ತಿಳಿಯಲಿಲ್ಲ.
ಟಾರ್ಚು ಹುಡುಕಿದರು. ಕನ್ನಡಕ ಹುಡುಕಿದರು.

ಬೆಲ್ಯ ಕ್ಯೂ. ಚೆರ್ಯ ಎಸ್.
ದೊಡ್ಡ ಕ್ಯೂ, ಸಣ್ಣ ಎಸ್, ಸರಿ.
ಒಂಬದ್.
ಒಂಬತ್ತು, ಸರಿ.
ಆಮೇಲಿನದು ಸೊನ್ನೆಯೋ, ಓ ಎಂಬ ಅಕ್ಷರವೋ?
ತುಸು ಹೊತ್ತು ಬರೀ ಉಸಿರು.
ಮುಟ್ಟ ಪೋಲೆ, ಅಂದರು. ಮೊಟ್ಟೆಯ ಹಾಗೆ.
ಹಾಗಾದರೆ ಸೊನ್ನೆ.

ಮೂವತ್ತೊಂದನೆಯ ಅಕ್ಷರಕ್ಕೆ ಲೈನು ಕಟ್ಟಾಯಿತು.
ಮತ್ತೆ ಸಿಕ್ಕಾಗ ಅವರೇ ಅಂದರು,
ನಡುವಿನಿಂದ ಬೇಡ, ಮೊದಲಿನಿಂದ ಓದುತ್ತೇನೆ.
ನಲವತ್ತಮೂರು ಅಕ್ಷರ. ಎರಡು ಭಾಷೆ, ಮೂರನೆಯದರ ಲಿಪಿ.
ಹೊಂದಿತು.
ಹದಿನೇಳನೇ ಸಾಲು ಅಳಿಸಿದೆ.
ಯೆಸ್ ಎಂದು ಪೂರ್ತಿ ಒತ್ತಿದೆ, ಬರೀ ವೈ ಅಂದರೆ ಅದು ಕೇಳುವುದಿಲ್ಲ.

ಇನ್ನೊಂದು ಬೊಬ್ಬೆ. ಈ ಸಲ ನನ್ನ ಯಂತ್ರದ್ದೇ:
ನಿನ್ನ ಕೀಲಿಕೈ ಕಂಡವರೆಲ್ಲ ಓದುವಂತಿದೆ,
ನಾನದನ್ನು ಮುಟ್ಟುವುದಿಲ್ಲ.
ಮೊನ್ನೆ ಪೆನ್‌ಡ್ರೈವಿನಿಂದ ಸುರಿದುಕೊಂಡಿದ್ದೆನಲ್ಲ,
ಆರುನೂರ ನಲವತ್ತನಾಲ್ಕು, ಬಾಗಿಲು ಹಾರುಹೊಡೆದ ಮನೆ.
ಸೆವ್ರಿನ್ ಬಾಯಿ ಇಲ್ಲಿ ಕೊಂಕಣಿಯಲ್ಲಿ ಬೈದಿದ್ದಾರೆ.
ಬೈಗುಳ ಅರ್ಥವಾಗಲಿಲ್ಲ, ಸಿಎಚ್‌ಮೋಡ್ ಆರುನೂರು ಅರ್ಥವಾಯಿತು.
ಓದುವುದೂ ಬರೆಯುವುದೂ ನನಗೆ ಮಾತ್ರ,
ಗುಂಪಿಗೆ ಸೊನ್ನೆ, ಊರಿಗೆ ಸೊನ್ನೆ.

ಮೂರು ವೀ ಸೇರಿಸಿ ಮತ್ತೆ ಒತ್ತಿದೆ.
ಒಂದು ವೀಗೆ ಅದು ಗೊಣಗುತ್ತದೆ,
ಮೂರಕ್ಕೆ ಎಲ್ಲ ಬಾಯಿಬಿಡುತ್ತದೆ:
ಈ ಕೀಲಿ ಒಡ್ಡಿದೆ, ಒಪ್ಪಲಿಲ್ಲ,
ಆ ಕೀಲಿ ಒಡ್ಡಿದೆ,

ಒಪ್ಪಿದರು.

ಸಾಲಿನ ತುದಿಗೆ ಡಾಲರ್ ಚಿಹ್ನೆ, ಮಿನುಗುವ ಒಂದು ಗೆರೆ.
ಪಂಪು ಹತ್ತಿಸು ಎಂದೆ.
ಪರದೆ ಏನೂ ಹೇಳುವ ಮುಂಚೆ
ಫೋನಿನಲ್ಲಿ ಮೋಟಾರು ಗುರ್ರೆಂದಿತು,
ಅದರ ಮೇಲೆ ಕೆಮ್ಮು, ಕೆಮ್ಮಿನ ಮೇಲೆ ಪ್ರಶ್ನೆ:
ಚೀಟಿ ಹರಿದು ಹಾಕಲಾ? ಗುಟ್ಟಿನದಲ್ಲವಾ?

ಬೇಡ ಕುಞಂಬೇಟ್ಟಾ, ಅದು ಮುಖದ ಹಾಗೆ,
ಯಾರು ನೋಡಿದರೂ ಅಡ್ಡಿಯಿಲ್ಲ.
ನಿಮ್ಮದನ್ನು ನಾನಿನ್ನೂ ನೋಡಿಲ್ಲ ಎಂಬುದು ಬಾಯಿಗೆ ಬಂತು,
ಮೋಟಾರಿನ ಸದ್ದಿಗೆ ಬಿಟ್ಟುಬಿಟ್ಟೆ.

ನಾಲ್ಕೂ ನಲವತ್ತು.
ಪುಸ್ತಕದ ಬೆನ್ನಲ್ಲಿ ಇನ್ನೂ ಎರಡು ಬೆರಳು ಜಾಗವಿತ್ತು.
ಬರೆದೆ:
ಸೊನ್ನೆ ಮೊಟ್ಟೆಯ ಹಾಗೆ.